ಆ ಮರ ಅತ್ತೆಯವರದೇ

ಓದುಗರ ಪತ್ರ: ನಾನು ಶಿವಮೊಗ್ಗದ ಕಡೆಯವಳು, ಈಗ ಓಹಾಯೋದಲ್ಲಿದ್ದೇನೆ. ಯಜಮಾನರು ಅಮೆರಿಕದವರು. ಅತ್ತೆ ಮಾವ ಮೆಥಡಿಸ್ಟ್ ಕ್ರೈಸ್ತರು, ಒಂದು ಭಾನುವಾರವೂ ಚರ್ಚ್ ತಪ್ಪಿಸುವವರಲ್ಲ. ಇವರು ಮಾತ್ರ ಕಾಲೇಜು ದಿನಗಳಿಂದ ಪೇಗನ್. ಪ್ರಕೃತಿಯನ್ನು, ಹಳೆಯ ದೇವತೆಗಳನ್ನು ನಂಬುತ್ತಾರೆ. ಕ್ರಿಸ್‌ಮಸ್ ಬದಲು ಯೂಲ್ ಅನ್ನುವ ಚಳಿಗಾಲದ ಹಬ್ಬ ಮಾಡುತ್ತಾರೆ. ಹೋದ ವರ್ಷ ಕ್ರಿಸ್‌ಮಸ್ ಊಟದ ಹೊತ್ತಲ್ಲಿ, "ಈ ಮರ, ಈ ಹಸಿರು ತೋರಣ ಎಲ್ಲ ನಮ್ಮದು, ನೀವು ಕದ್ದಿದ್ದು" ಅಂದುಬಿಟ್ಟರು. ಅತ್ತೆ ತಟ್ಟೆ ಬಿಟ್ಟು ಎದ್ದು ಹೋದರು. ಇವರು ಹೇಳಿದ್ದು ನಿಜವೇ? ಆರು ವರ್ಷದ ಮಗಳನ್ನು ಕರೆದುಕೊಂಡು ಈ ಸಲ ಯಾವ ಮುಖ ಹೊತ್ತು ಹೋಗಲಿ?

ಸಂಪಾದಕರ ಉತ್ತರ: ಮೊದಲು ಕಳ್ಳತನದ ವಿಚಾರ ಮುಗಿಸೋಣ. ಯೂಲ್ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಇಂಗ್ಲೆಂಡಿನ ಬೀಡ್ ಎಂಬ ಕ್ರೈಸ್ತ ಸನ್ಯಾಸಿ ಕ್ರಿ.ಶ. 725ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ತನ್ನ ಜನ ಕ್ರೈಸ್ತರಾಗುವ ಮೊದಲು ಡಿಸೆಂಬರ್ 25ರ ಹೊತ್ತಿನ ಒಂದು ರಾತ್ರಿಯನ್ನು 'ತಾಯಂದಿರ ರಾತ್ರಿ' ಅನ್ನುತ್ತಿದ್ದರಂತೆ. ಆದರೆ ಆ ರಾತ್ರಿ ಏನು ಮಾಡುತ್ತಿದ್ದರು ಅಂತ ಬೀಡ್‌ಗೂ ಸರಿಯಾಗಿ ಗೊತ್ತಿರಲಿಲ್ಲ, ಊಹೆ ಮಾಡಿದ್ದಾರೆ ಅಷ್ಟೆ. ನಾರ್ವೆಯ ರಾಜ ಹಾಕೊನ್ ಹತ್ತನೇ ಶತಮಾನದಲ್ಲಿ ಯೂಲ್ ಹಬ್ಬವನ್ನು ಕ್ರಿಸ್‌ಮಸ್ ದಿನಕ್ಕೇ ಸರಿಸಿದ ಅಂತಲೂ ಒಂದು ಕತೆ ಇದೆ. ಅದನ್ನು ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಬರೆದಿಟ್ಟದ್ದು ಇನ್ನೂರೈವತ್ತು ವರ್ಷಕ್ಕೂ ಜಾಸ್ತಿ ಆದಮೇಲೆ.

ಹಸಿರು ತೋರಣದ ಮಾತು ಒಪ್ಪಬಹುದು. ಚಳಿಗಾಲದ ಹಬ್ಬಕ್ಕೆ ಬಾಗಿಲಿಗೆ ಹಸಿರು ಕಟ್ಟುವುದು ರೋಮನ್ನರಲ್ಲೂ ಇತ್ತು. ಆದರೆ ಅಲಂಕಾರ ಮಾಡಿದ ಮರ ನಮಗೆ ಸ್ಪಷ್ಟವಾಗಿ ಕಾಣಿಸತೊಡಗುವುದು ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ಸುತ್ತಮುತ್ತ, 16ನೇ ಶತಮಾನದಲ್ಲಿ, ಅದೂ ಕ್ರೈಸ್ತರ ನಡುವೆಯೇ. ಅಂದರೆ ಆ ಮರದ ಮಟ್ಟಿಗೆ ಅತ್ತೆಯವರೇ ಗೆದ್ದರು. ಯೂಲ್ ಸೇರಿದಂತೆ ಇಂದಿನ ಪೇಗನ್ನರು ಮಾಡುವ ಎಂಟು ಹಬ್ಬಗಳ ವರ್ಷಚಕ್ರ ಇದೆಯಲ್ಲ, ಅದು ಈ ರೂಪಕ್ಕೆ ಬಂದದ್ದು 1950ರ ದಶಕದ ಬ್ರಿಟನ್ನಿನಲ್ಲಿ. ಅಲ್ಲಿನ ಹೊಸ ಪೇಗನ್ ಪಂಥಗಳ ಮುಂದಾಳುಗಳಾದ ಜೆರಾಲ್ಡ್ ಗಾರ್ಡ್ನರ್, ರಾಸ್ ನಿಕೋಲ್ಸ್ ಮತ್ತು ಅವರ ಬಳಗದವರು ಹಳೆಯ ತುಣುಕುಗಳನ್ನೆಲ್ಲ ಕೂಡಿಸಿ ಮಾಡಿದ್ದು. ಹೊಸದು ಅಂತ ಅದಕ್ಕೆ ಬೆಲೆ ಕಡಿಮೆ ಏನಿಲ್ಲ. ಆದರೆ ಆಸ್ತಿಪತ್ರ ತೋರಿಸಿ ಜಗಳ ಆಡುವಂಥದ್ದೂ ಅಲ್ಲ.

ಇನ್ನೊಂದು ತಮಾಷೆ ಕೇಳಿ. 'ಕ್ರಿಸ್‌ಮಸ್ ಪೇಗನ್ ಹಬ್ಬ' ಅಂತ ಅಮೆರಿಕದಲ್ಲಿ ಮೊದಲು ಗಲಾಟೆ ಎಬ್ಬಿಸಿದವರು ಪೇಗನ್ನರಲ್ಲ, ಕಟ್ಟಾ ಕ್ರೈಸ್ತರು! ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದರೆ ಐದು ಶಿಲಿಂಗ್ ದಂಡ ಅಂತ ಕಾನೂನು ಮಾಡಿದ್ದರು. ಅದು ರದ್ದಾದದ್ದು 1681ರಲ್ಲಿ. ನಿಮ್ಮ ಯಜಮಾನರು ಊಟದ ಮೇಜಿನಲ್ಲಿ ಆಡಿದ್ದು ಆ ಪ್ಯೂರಿಟನ್ನರ ಮಾತನ್ನೇ. ಇದನ್ನು ಅವರಿಗೆ ನಿಧಾನಕ್ಕೆ, ಒಳ್ಳೆ ಮೂಡ್ ನೋಡಿಕೊಂಡು ಹೇಳಿ.

ಇನ್ನು ಹಬ್ಬದ ವಿಚಾರ. ನಿಮ್ಮ ಅದೃಷ್ಟಕ್ಕೆ ಎರಡೂ ಒಂದೇ ದಿನ ಬರುವುದಿಲ್ಲ. ಅತಿ ಉದ್ದದ ರಾತ್ರಿ ಬರುವುದು ಡಿಸೆಂಬರ್ 21ರ ಸುಮಾರಿಗೆ. ಆವತ್ತು ನಿಮ್ಮ ಮನೆಯಲ್ಲಿ ಯೂಲ್ ಮಾಡಿ, ಅರೆಮನಸ್ಸಿನಿಂದಲ್ಲ, ಪೂರ್ತಿ ಮಾಡಿ. ಒಲೆಗೂಡು ಇದ್ದರೆ ದಪ್ಪನೆಯ ಕೊರಡು ಇಡಿ. ಇಲ್ಲದಿದ್ದರೆ ಮರದ ತುಂಡಿಗೆ ತೂತು ಕೊರೆದು ಮೂರು ಮೇಣದ ಬತ್ತಿ ನಿಲ್ಲಿಸಿ, ಅನೇಕರು ಹಾಗೇ ಮಾಡುತ್ತಾರೆ. ಮಾರನೇ ಬೆಳಗ್ಗೆ ಮಗಳಿಗೆ ಸೂರ್ಯ ಹುಟ್ಟುವುದನ್ನು ತೋರಿಸಿ. ನಿಮ್ಮ ಕಡೆ ಆಗ ಅವನು ಬರುವುದೇ ಎಂಟರ ಹೊತ್ತಿಗೆ, ಮಗು ತೀರಾ ಬೇಗ ಏಳಬೇಕಾಗಿಲ್ಲ. ನಿಮಗೂ ಇದರಲ್ಲಿ ಪಾಲಿದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಆ ಹೊತ್ತಿಗೇ. ಸುಮಾರು 1700 ವರ್ಷದ ಹಿಂದೆ ಮಕರ ಸಂಕ್ರಾಂತಿಯೂ ಆಗಲೇ ಬೀಳುತ್ತಿತ್ತು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಜನವರಿ ಮಧ್ಯಕ್ಕೆ ಸರಿದಿದೆ. ಎಳ್ಳುಬೆಲ್ಲ ಸ್ವಲ್ಪ ಮುಂಚೆಯೇ ಮಾಡಿದರೆ ಯಾರೂ ಬೈಯುವುದಿಲ್ಲ.

25ಕ್ಕೆ ಅತ್ತೆ ಮನೆಗೆ ನೆಂಟರಾಗಿ ಹೋಗಿ. ಊಟಕ್ಕೆ ಮುಂಚೆ ಮಾವ ಪ್ರಾರ್ಥನೆ ಹೇಳಿದಾಗ ಪಕ್ಕದವರ ಕೈ ಹಿಡಿದು ಸುಮ್ನೆ ಕೂತರೆ ಆಯಿತು, 'ಆಮೆನ್' ಅನ್ನಲೇಬೇಕು ಅಂತಿಲ್ಲ. ಚರ್ಚಿಗೆ ಕರೆದರೆ ಯಜಮಾನರೂ ಹೋಗಲಿ. ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಮೆಥಡಿಸ್ಟರು ಯಾರನ್ನೂ ಬೇಡ ಅನ್ನುವುದಿಲ್ಲ. ಆದರೆ ಮನಸ್ಸಿಲ್ಲದೆ ತೆಗೆದುಕೊಳ್ಳುವುದಕ್ಕಿಂತ ಬೆಂಚಿನಲ್ಲೇ ಕೂತಿರುವುದು ಮರ್ಯಾದೆ.

ಅತ್ತೆ ಎದ್ದು ಹೋದದ್ದು ಮರದ ಸಿಟ್ಟಿಗೆ ಅಂತ ನನಗನ್ನಿಸುವುದಿಲ್ಲ. ಅವರ ತಲೆಮಾರಿನ ಎಷ್ಟೋ ಜನರಿಗೆ ಪೇಗನ್ ಅಂದರೆ ಸೈತಾನನ ಪೂಜೆ. ಮಗ ಕೈಬಿಟ್ಟು ಹೋದ, ಮೊಮ್ಮಗಳೂ ಹೋಗುತ್ತಾಳೆ ಅನ್ನುವ ಭಯ. ಸೈತಾನ ಅನ್ನುವ ಕಲ್ಪನೆಯೇ ಪೇಗನ್ನರಲ್ಲಿಲ್ಲ ಅಂತ ಯಾರಾದರೂ ಅವರಿಗೆ ಬಿಡಿಸಿ ಹೇಳಿದ್ದಾರಾ? ಪೇಗನ್ನರ ಒಂದು ಪಂಥವಾದ ವಿಕ್ಕಾವನ್ನು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 1986ರಲ್ಲೇ ಧರ್ಮ ಅಂತ ಒಪ್ಪಿದೆ. 2007ರಿಂದ ಆ ಪಂಥದ ಸೈನಿಕರ ಸಮಾಧಿಗಲ್ಲಿನ ಮೇಲೆ ಅವರ ಐದು ಮೊನೆಯ ನಕ್ಷತ್ರಕ್ಕೂ ಸರ್ಕಾರ ಜಾಗ ಕೊಟ್ಟಿದೆ. ಹತ್ತು ವಾದಕ್ಕಿಂತ ಈ ಸಮಾಧಿಗಲ್ಲಿನ ಸಂಗತಿ ಅತ್ತೆ ಮಾವನಿಗೆ ಬೇಗ ತಟ್ಟಬಹುದು.

ಹೇಳಬೇಕಾದವರು ಮಾತ್ರ ನಿಮ್ಮ ಯಜಮಾನರು. ಡಿಸೆಂಬರ್ ಶುರುವಾಗುವುದರೊಳಗೆ ಅಮ್ಮನಿಗೆ ಫೋನ್ ಮಾಡಲಿ, ಹೋದ ವರ್ಷದ ಮಾತಿಗೆ ಕ್ಷಮೆ ಕೇಳಲಿ. ಇಂಥ ಕೆಲಸವನ್ನೆಲ್ಲ ಸೊಸೆಯ ತಲೆಗೆ ಕಟ್ಟುವುದು ನಮ್ಮಲ್ಲೂ ಇದೆ, ಅಲ್ಲೂ ಇದೆ. ನೀವು ಕಟ್ಟಿಸಿಕೊಳ್ಳಬೇಡಿ.

ಮಗಳ ವಿಷಯದಲ್ಲಿ ಒಂದೇ ಎಚ್ಚರ. "ಯೂಲ್ ಮಾಡಿದ್ದು ಅಜ್ಜಿಗೆ ಹೇಳಬೇಡ" ಅಂತ ಮಾತ್ರ ಹೇಳಿಕೊಡಬೇಡಿ. ಆರು ವರ್ಷದ ಮಗು ಗುಟ್ಟು ಮುಚ್ಚಿಡುವುದಿಲ್ಲ, ಮುಚ್ಚಿಡಲು ಕಲಿತರೆ ಅದು ಇನ್ನೂ ಕೆಟ್ಟದ್ದು. ಅಪ್ಪನ ನಂಬಿಕೆ ಇದು, ಅಜ್ಜಿಯ ನಂಬಿಕೆ ಅದು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಯಾವುದು ನಿಜ ಅಂತ ಅವಳು ಕೇಳೇ ಕೇಳುತ್ತಾಳೆ. ಆ ಪ್ರಶ್ನೆಯನ್ನು ಅವಳ ಅಪ್ಪನ ಕಡೆ ದಾಟಿಸಿ.

ಈ ಸಲ ಅಲ್ಲಿ ಒಂದೇ ರಾತ್ರಿ ಉಳಿಯಿರಿ. ಚೆನ್ನಾಗಿ ನಡೆದರೆ ಬರುವ ವರ್ಷ ಇನ್ನೆರಡು ದಿನ ಇದ್ದು ಬಂದರಾಯಿತು.