ಡೋನಟ್‌ನಲ್ಲಿ ‘ನಟ್’ ಎಲ್ಲಿದೆ?

ಪ್ರಶ್ನೆ: ಹುಟ್ಟುಹಬ್ಬಕ್ಕೆ ಡೋನಟ್ ತಂದಿದ್ದೆ. ಗೋಡಂಬಿ, ಬಾದಾಮಿ ಏನೂ ಇಲ್ಲದ ತಿಂಡಿಗೆ ‘ನಟ್’ ಎಂಬ ಹೆಸರೇಕೆ ಎಂದು ಮಗಳು ಕೇಳಿದಳು. ಬೋಲ್ಟಿಗೆ ಹಾಕುವ ನಟ್ಟಿನಂತೆ ನಡುವೆ ತೂತಿದೆಯಲ್ಲ, ಅದಕ್ಕೇ ಎಂದೆ. ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಊಹೆ ಚೆನ್ನಾಗಿದೆ, ಆದರೆ ಸರಿಯಲ್ಲ. ಹೆಸರು ಹುಟ್ಟಿದಾಗ ತೂತೇ ಇರಲಿಲ್ಲ.

‘ಡೋ’ ಎಂದರೆ ಕಲಸಿ ನಾದಿದ ಹಿಟ್ಟು. ಒಬ್ಬಟ್ಟು ಮಾಡುವವರ ಮಾತಿನಲ್ಲಿ ಕಣಕ. ‘ನಟ್’ ಎಂದರೆ ಅಕ್ರೋಟಿನಂಥ ಗಟ್ಟಿ ಸಿಪ್ಪೆಯ ಕಾಯಿ. ಮೊದಲಿಗೆ ಡೋನಟ್‌ಗಳು ಕೊಬ್ಬಿನಲ್ಲಿ ಕರಿದ ಪುಟ್ಟ ಉಂಡೆಗಳಾಗಿದ್ದವು. ಕರಾವಳಿಯ ಮುಳ್ಕವನ್ನು ನೆನೆಸಿಕೊಳ್ಳಿ: ದುಂಡಗೆ, ಕಂದಾಗಿ, ಕಾಯಿಯಂತೆಯೇ. 1809ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ನ್ಯೂಯಾರ್ಕಿನ ಡಚ್ಚರ ಊಟದ ಮೇಜನ್ನು ಬಣ್ಣಿಸುವಾಗ, ಹಂದಿಯ ಕೊಬ್ಬಿನಲ್ಲಿ ಕರಿದ ಸಿಹಿ ಹಿಟ್ಟಿನ ಉಂಡೆಗಳನ್ನು ಇದೇ ಹೆಸರಿನಿಂದ ಕರೆದಿದ್ದಾನೆ. ಡಚ್ಚರು ಅದಕ್ಕೆ ‘ಓಲಿಕುಕ್’, ಅಂದರೆ ಎಣ್ಣೆಯ ಕೇಕು, ಎನ್ನುತ್ತಿದ್ದರು.

ತೂತಿನದು ಬೇರೆ ಕತೆ. ಉಂಡೆ ದೊಡ್ಡದಾದರೆ ಹೊರಗೆ ಕೆಂಪಗಾದರೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ. 1847ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಹಡಗಿನ ಮೆಣಸಿನ ಡಬ್ಬಿಯ ಮುಚ್ಚಳದಿಂದ ನಡುಭಾಗವನ್ನು ಕತ್ತರಿಸಿ ತೆಗೆದವನು ತಾನೇ ಎಂದು ಅಮೆರಿಕದ ನಾವಿಕ ಹ್ಯಾನ್ಸನ್ ಗ್ರೆಗರಿ ಮುಪ್ಪಿನಲ್ಲಿ ಹೇಳಿಕೊಂಡ. ನಾವಿಕರ ಮಾತು, ನಂಬುವುದು ನಿಮಗೆ ಬಿಟ್ಟದ್ದು. ಉದ್ದಿನ ವಡೆಗೆ ಹೆಬ್ಬೆರಳಿನಿಂದ ತೂತು ಮಾಡುವ ನಮ್ಮ ಅಜ್ಜಿಯರು ಮಾತ್ರ ಹಾಗೆ ಹೆಸರಿಗಾಗಿ ಮುಂದೆ ಬಂದವರಲ್ಲ.

ನನಗೆ ತೂತಿಗಿಂತ ಹೆಚ್ಚು ರುಚಿಸುವುದು ‘ಡೋ’. ಹಳೆಯ ಇಂಗ್ಲಿಷಿನಲ್ಲಿ ಅದು ‘ದಾಗ್’. ಅದರ ಹಿಂದಿರುವುದು ಇಂಗ್ಲಿಷ್, ಸಂಸ್ಕೃತ ಎರಡಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯ ಒಂದು ಧಾತು; ಅದಕ್ಕೆ ಜೇಡಿಮಣ್ಣನ್ನು ನಾದು, ಮೆತ್ತು, ರೂಪ ಕೊಡು ಎಂಬ ಅರ್ಥಗಳಿವೆ. ಸಂಸ್ಕೃತದಲ್ಲಿ ಅದೇ ಧಾತು ‘ದಿಹ್’, ಅಂದರೆ ಬಳಿ, ಮೆತ್ತು. ಅದರಿಂದ ಬಂದ ಪದ ‘ದೇಹ’. ನಾವು ದಿನವೂ ಕನ್ನಡದಲ್ಲಿ ಬಳಸುವ ದೇಹವೂ ಬೇಕರಿಯ ಡೋನಟ್ಟೂ ಹೀಗೆ ದೂರದ ನೆಂಟರು. ಇದೇ ಬಳಗದ ಇನ್ನೊಂದು ಪದ ‘ಲೇಡಿ’. ಮೂಲದಲ್ಲಿ ಅದು ‘ಹ್ಲಾಫ್‌ದಿಗೆ’, ರೊಟ್ಟಿಯ ಹಿಟ್ಟು ನಾದುವವಳು. ‘ಲಾರ್ಡ್’ ಎಂಬವನು ರೊಟ್ಟಿ ಕಾಯುವವನು. ನಾದುವ ಕೆಲಸ ಅವನದಲ್ಲ.

ಅಂದಹಾಗೆ, ಬೋಲ್ಟಿನ ನಟ್ಟಿಗೂ ಹೆಸರು ಬಂದದ್ದು ಆ ಗಟ್ಟಿ ಸಿಪ್ಪೆಯ ಕಾಯಿಯಿಂದಲೇ. ಹಾಗಾಗಿ ಮಗಳೆದುರು ನೀವು ಪೂರ್ತಿ ಸೋತಿಲ್ಲ.