ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಪಿಆರ್ ಕಳಿಸಿ ಮೂರು ವಾರ ಆಯ್ತು, ಉತ್ತರವೇ ಇಲ್ಲ. ಕಾಯಲಾ, ಫೋರ್ಕ್ ಮಾಡಲಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಕ್ಕಿದ್ದು ನಿಮ್ಮನ್ನು ನೋಡಿ ಅಲ್ಲ, 2017ರ ನನ್ನನ್ನು ನೆನೆಸಿಕೊಂಡು. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಕನ್ನಡದ ಒಂದು ಸಣ್ಣ ಪ್ರಾಜೆಕ್ಟಿಗೆ ಪುಲ್ ರಿಕ್ವೆಸ್ಟ್ (ಪಿಆರ್, ಅಂದ್ರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದ್ದೀರಿ, ಮೂರು ವಾರದಿಂದ ಯಾರೂ ತುಟಿ ಬಿಚ್ಚಿಲ್ಲ, ಈಗ ಕಾಯಬೇಕಾ, ಫೋರ್ಕ್ ಮಾಡಬೇಕಾ (ಕೋಡಿನ ನನ್ನದೇ ಪ್ರತಿ ಮಾಡಿಕೊಂಡು ಬೇರೆ ನಡೆಸೋದು), ಇಲ್ಲ ನನ್ನನ್ನೇ ಮೆಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವ) ಮಾಡಿ ಅಂತ ಕೇಳಬೇಕಾ. ಇಷ್ಟೇ ಅಲ್ವಾ? ನಾನು ಈ ಮೂರನ್ನೂ ಮಾಡಿದವನು. ನೀವು ಬರೆದ ಕ್ರಮದಲ್ಲೇ.

ಬಾಗಲಕೋಟೆ ನವನಗರದಲ್ಲಿ ನಮ್ಮ ಕಾಕಾನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಇಂಥವೇ ಕೆಲಸ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತ ನಾನೂ ಅಲ್ಲೇ ಕೂತಿದ್ದೆ. ಹಳೇ ಫೈಲೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿ. ನುಡಿಯ ಆ ಹಳೇ ಫಾಂಟುಗಳ ಕಥೆ ನಿಮಗೆ ಗೊತ್ತಿರಬಹುದು. ಅದು ಕನ್ನಡ ಅಂತ ಕಂಪ್ಯೂಟರಿಗೆ ಗೊತ್ತೇ ಇರಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ತೆಗೆದರೆ ಬರೀ ಚಿತ್ತಾರ. ಅದನ್ನ ವೆಬ್‌ಸೈಟಿಗೆ ಹಾಕಬೇಕಂದ್ರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡಿಗೆ ತಿರುಗಿಸಲೇಬೇಕು.

ಆ ವರ್ಷ ಒಂದು ಸಕ್ಕರೆ ಕಾರ್ಖಾನೆಯ ವರದಿ ಬಂತು. ಕೋಡು ಹಂಚಿಕೊಳ್ಳುವ ಸೈಟು ಗಿಟ್‌ಹಬ್‌ನಲ್ಲಿ ಒಬ್ಬರು ಬರೆದಿಟ್ಟ ಸಣ್ಣ ಕನ್ವರ್ಟರ್ ಸಿಕ್ಕಿತು, ತಿರುಗಿಸಿದೆ. ಎಲ್ಲ ಚೆನ್ನಾಗಿ ಬಂತು, ಒಂದು ಪದ ಬಿಟ್ಟು. "ಕಬ್ಬು ನುರಿಸುವ ಸಾಮರ್ಥ್ಯ" ಹೋಗಿ "ಕಬ್ಬು ನುರಿಸುವ ಸಾಮಥ್ರ್ಯ" ಆಗಿತ್ತು. ಸಕ್ಕರೆ ಕಾರ್ಖಾನೆ ವರದಿಯಲ್ಲಿ ಈ ಪದ ಎಷ್ಟು ಸಲ ಬರುತ್ತೆ ಅಂತ ಊಹಿಸಿ. 38 ಕಡೆ ಕೈಯಲ್ಲೇ ತಿದ್ದಿದೆ. ಈ "ಸಾಮಥ್ರ್ಯ" ನಿಮ್ಮ ಕಣ್ಣಿಗೂ ಬಿದ್ದಿರುತ್ತೆ, ಕನ್ನಡ ಸುದ್ದಿ ಸೈಟುಗಳಲ್ಲಿ ಇವತ್ತಿಗೂ ಓಡಾಡಿಕೊಂಡಿದೆ. ಬರೆದವರಿಗೆ ಕನ್ನಡ ಬರಲ್ಲ ಅಂತ ಜನ ಬೈತಾರೆ. ಪಾಪ, ಅವರು ಸರಿಯಾಗೇ ಬರೆದಿರುತ್ತಾರೆ, ಕೆಡಿಸಿದ್ದು ಕನ್ವರ್ಟರ್.

ಯಾಕೆ ಹೀಗಾಗುತ್ತೆ ಅಂದ್ರೆ, ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತೆ, ಅಂದ್ರೆ ಅಕ್ಷರ ಮುಗಿದ ಮೇಲೆ. ಯುನಿಕೋಡ್ ಉಚ್ಚಾರದ ಕ್ರಮ ಕೇಳುತ್ತೆ, ರಕಾರ ಮೊದಲು ಬರಬೇಕು. ಹಾಗಾಗಿ ಕನ್ವರ್ಟರ್ ಅರ್ಕಾವೊತ್ತನ್ನು ಎತ್ತಿ ಹಿಂದಕ್ಕೆ ಒಯ್ಯಬೇಕು. ಈ ಕೋಡು ಒಂದೇ ವ್ಯಂಜನ ದಾಟಿ ನಿಂತುಬಿಡುತ್ತಿತ್ತು. "ಕರ್ನಾಟಕ"ಕ್ಕೆ ಅಷ್ಟು ಸಾಕು. "ಥ್ಯ" ಥರ ಒತ್ತಕ್ಷರ ಬಂದರೆ ಪೂರ್ತಿ ದಾಟಬೇಕು, ಇಲ್ಲದಿದ್ರೆ ಥಕಾರ ಯಕಾರದ ಮಧ್ಯೆ ರಕಾರ ಸಿಕ್ಕಿಹಾಕಿಕೊಳ್ಳುತ್ತೆ. ಎರಡು ರಾತ್ರಿ ಕೂತು ಸರಿ ಮಾಡಿದೆ. ಬದಲಿಸಿದ್ದು ಆರು ಸಾಲು. ಪ್ರಪಂಚ ಗೆದ್ದ ಖುಷಿ.

ಈಗ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಆದರೂ ಬಿಡಲ್ಲ, ಯಾಕಂದ್ರೆ ಇದೊಂದಕ್ಕೆ ನನ್ನ 14 ತಿಂಗಳು ಹೋದವು.

ನನಗೆ ಆಗ ಗಿಟ್, ಅಂದ್ರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್, ಬರುತ್ತಿರಲಿಲ್ಲ. ಅಂಗಡಿಯ ವಿಂಡೋಸ್ 7 ಕಂಪ್ಯೂಟರಿನಲ್ಲಿ ಜಿಪ್ ಇಳಿಸಿಕೊಂಡು ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆಗೆದೆ. ಇಡೀ ಕೋಡು ಒಂದೇ ಸಾಲಿನಲ್ಲಿ ರೈಲುಡಬ್ಬಿ ಥರ ನಿಂತಿತ್ತು. ಸರಿ, ಬ್ರೌಸರಿನಲ್ಲಿ ಚೆನ್ನಾಗಿ ಕಾಣುತ್ತಲ್ಲ, ಅಲ್ಲಿಂದ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿದೆ, ತಿದ್ದಿದೆ, ಸೇವ್ ಮಾಡಿದೆ, ಬ್ರೌಸರಿನಿಂದಲೇ ಅಪ್‌ಲೋಡ್ ಮಾಡಿ ಪಿಆರ್ ಕಳಿಸಿದೆ. ಆ ಒಂದು ಪೇಸ್ಟ್‌ನಲ್ಲಿ ಎಲ್ಲ ಹಾಳಾಯಿತು.

ಕಾಕಾ ಮೊದಲು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು, ಅಟ್ಟದ ಮೇಲೆ ಇನ್ನೂ ಒಂದು ಕನ್ನಡ ಟೈಪ್‌ರೈಟರ್ ಇದೆ. ಅದರಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗಬೇಕು. ಕ್ಯಾರೇಜ್ ವಾಪಸ್ ಬರಬೇಕು, ಕಾಗದ ಒಂದು ಸಾಲು ಮೇಲೇರಬೇಕು. ಕಂಪ್ಯೂಟರ್ ಬಂದಾಗ ಈ ಎರಡಕ್ಕೂ ಒಂದೊಂದು ಕಾಣದ ಅಕ್ಷರ ಇಟ್ಟರು. ಕ್ಯಾರೇಜ್ ರಿಟರ್ನ್, ಅದರ ನಂಬರು 13. ಲೈನ್ ಫೀಡ್, ಅದು 10. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡನ್ನೂ ಹಾಕುತ್ತೆ. ಲಿನಕ್ಸ್ ಬರೀ 10 ಹಾಕುತ್ತೆ. 2018ರ ವಿಂಡೋಸ್ 10 ಅಪ್‌ಡೇಟ್ ಬರುವ ತನಕ ನೋಟ್‌ಪ್ಯಾಡಿಗೆ ಬರೀ 10 ಇದ್ದರೆ ಅದು ಸಾಲಿನ ಕೊನೆ ಅಂತ ತಿಳಿಯುತ್ತಿರಲಿಲ್ಲ. ರೈಲುಡಬ್ಬಿ ಕಂಡಿದ್ದು ಅದಕ್ಕೇ. ನಾನು ಪೇಸ್ಟ್ ಮಾಡಿದಾಗ ಪ್ರತಿ ಸಾಲಿಗೂ ಒಂದೊಂದು 13 ಅಂಟಿಕೊಂಡಿತು. ಕಣ್ಣಿಗೆ ಏನೂ ಕಾಣಲ್ಲ. ಆದರೆ ಗಿಟ್ ಸಾಲು ಸಾಲಾಗಿ ಹೋಲಿಸುತ್ತೆ, ಒಂದು ಕಾಣದ ಅಕ್ಷರ ಜಾಸ್ತಿ ಇದ್ದರೂ ಅದಕ್ಕೆ ಅದು ಬೇರೆ ಸಾಲೇ. 1400 ಚಿಲ್ಲರೆ ಸಾಲಿನ ಫೈಲು. ಅಷ್ಟೂ ಕೆಂಪು (ಅಳಿಸಿದ್ದು), ಮತ್ತೆ ಅಷ್ಟೂ ಹಸಿರು (ಸೇರಿಸಿದ್ದು). ನನ್ನ ಆರು ಸಾಲು ಅದರೊಳಗೆ ಎಲ್ಲೋ ಹೂತುಹೋಗಿತ್ತು.

ಗಿಟ್ ಕಲಿತು ಸರಿಯಾದ ದಾರಿಯಲ್ಲಿ ಬಂದಿದ್ದರೆ ಇದು ಆಗುತ್ತಲೇ ಇರಲಿಲ್ಲ. ವಿಂಡೋಸ್ ಗಿಟ್‌ನಲ್ಲಿ ಆಟೋಸಿಆರ್‌ಎಲ್‌ಎಫ್ ಅಂತ ಒಂದು ಸೆಟ್ಟಿಂಗ್ ಇದೆ, ಅದು ಆನ್ ಇದ್ದರೆ ಕಮಿಟ್ ಮಾಡುವಾಗ (ಬದಲಾವಣೆಯನ್ನ ಗಿಟ್‌ನಲ್ಲಿ ದಾಖಲಿಸುವಾಗ) ಆ 13ನ್ನು ಕಿತ್ತು ಬಿಸಾಕುತ್ತೆ. ಬ್ರೌಸರಿನಿಂದ ಅಪ್‌ಲೋಡ್ ಮಾಡಿದವನಿಗೆ ಅದು ಎಲ್ಲಿಂದ ಸಿಗಬೇಕು. ಇನ್ನೂ ನಾಚಿಕೆಯ ಮಾತು ಅಂದ್ರೆ, ಪಿಆರ್ ಪುಟದಲ್ಲಿ ಯಾವ ಸಾಲು ಬದಲಾಗಿದೆ ಅಂತ ತೋರಿಸುವ ಟ್ಯಾಬ್ ಕಣ್ಣೆದುರೇ ಇತ್ತು. ನಾನು ಅದನ್ನ ಒಂದು ಸಲವೂ ಒತ್ತಿ ನೋಡಿರಲಿಲ್ಲ. ನನ್ನ ಕೋಡು ನನಗೆ ಗೊತ್ತಲ್ಲ, ನೋಡೋದೇನು ಅನ್ನುವ ಧಿಮಾಕು.

ಆಮೇಲೆ ನಿಮ್ಮ ಥರಾನೇ. ಮೂರು ವಾರ ಕಾದೆ. "ಕನ್ನಡದ ಕೆಲಸಕ್ಕೆ ಕನ್ನಡದವರೇ ಬೆಲೆ ಕೊಡಲ್ಲ" ಅಂತ ಒಂದು ಕಾಮೆಂಟ್ ಹಾಕಿದೆ. ಉತ್ತರ ಇಲ್ಲ. ಸಿಟ್ಟಿಗೆ ಫೋರ್ಕ್ ಮಾಡಿದೆ. ಕಾಕಾ ನೋಡಿ, "ಪುಕ್ಕಟೆ ಕೆಲಸಕ್ಕೂ ಇಷ್ಟ ಜಗಳ ಏನೋ ತಮ್ಮಾ?" ಅಂದರು. ಸುಮಾರು ಒಂದು ವರ್ಷ ನನ್ನ ಫೋರ್ಕನ್ನೇ ಅಂಗಡಿಯಲ್ಲಿ ಬಳಸಿದೆ. ಅಷ್ಟರಲ್ಲಿ ಮೂಲ ಪ್ರಾಜೆಕ್ಟಿಗೆ ಅವರು ಶ್ರೀಲಿಪಿ ಫಾಂಟುಗಳನ್ನೂ ಸೇರಿಸಿದರು. ನನಗೆ ಅದು ಬೇಕಿತ್ತು. ಆ ಹೊತ್ತಿಗೆ ಗಿಟ್ ಒಂದಿಷ್ಟು ಕಲಿತಿದ್ದೆ, ಮರ್ಜ್ ಮಾಡಲು, ಅಂದ್ರೆ ಅವರ ಬದಲಾವಣೆಯನ್ನ ನನ್ನದಕ್ಕೆ ಸೇರಿಸಲು ಹೋದೆ. ಒಂದೇ ಒಂದು ಕಾನ್‌ಫ್ಲಿಕ್ಟ್ (ಎರಡೂ ಕಡೆ ಬದಲಾಗಿ ಹೊಂದದ ಜಾಗ) ಬಂತು. ಅದು ಇಡೀ ಫೈಲು. ಅದೇ 13. ಹಾಗಾಗಿ ಫೋರ್ಕ್ ಮಾಡಲಾ ಅಂತ ಕೇಳಬೇಡಿ. ಫೋರ್ಕ್ ಮಾಡೋದು ಒಂದು ಬಟನ್, ಅದನ್ನ ಸಾಕೋದು ಎಮ್ಮೆ ಸಾಕಿದ ಹಾಗೆ, ದಿನಾ ಮೇವು ಹಾಕಬೇಕು. (ಅಂದ ಹಾಗೆ ನೀವು ಕಳಿಸಿದ ಪ್ರಾಜೆಕ್ಟಿನಲ್ಲಿ ಕೋಡು ಬಳಸಲು, ಬದಲಿಸಲು ಅನುಮತಿ ಕೊಡುವ ಲೈಸೆನ್ಸ್ ಫೈಲ್ ಇದೆಯಾ? ಜಿಪಿಎಲ್ಲೋ ಎಂಐಟಿಯೋ ಏನೋ ಒಂದು ಇರಬೇಕು. ಗಿಟ್‌ಹಬ್‌ನಲ್ಲಿ ಕಾಣುತ್ತೆ ಅಂದಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗಲ್ಲ.)

ಕೊನೆಗೆ ಮೇಲ್ ಬರೆದೆ. ನಿಮಗೆ ಸಮಯ ಇಲ್ಲದಿದ್ದರೆ ನನ್ನನ್ನೇ ಮೆಂಟೇನರ್ ಮಾಡಿ ಅಂತ. ಆಗ ಉತ್ತರ ಬಂತು, ಮೂರೇ ಸಾಲು. ಅವರು ಆಫೀಸು ಮುಗಿಸಿ ಬಂದು ಮೊಬೈಲಿನಲ್ಲಿ ನನ್ನ ಪಿಆರ್ ತೆಗೆದಿದ್ದರಂತೆ, ಸ್ಕ್ರೋಲ್ ಮಾಡಿ ಮಾಡಿ ಸಾಕಾಗಿ ಬಿಟ್ಟರಂತೆ. "ನೀವು ಏನು ಬದಲಿಸಿದ್ದೀರಿ ಅಂತ ನನಗೆ ಕಾಣುವ ಹಾಗೆ ಕಳಿಸಿ." ಅವತ್ತು ಮೊದಲ ಸಲ ಆ ಟ್ಯಾಬ್ ಒತ್ತಿದೆ.

ಮೆಂಟೇನರ್ ಮಾಡಿ ಅಂತ ಕೇಳುವ ಯೋಚನೆ ಈಗಂತೂ ಬಿಟ್ಟುಬಿಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಯೂಟಿಲ್ಸ್ ಕಥೆ ಬಯಲಾಯಿತಲ್ಲ? ಲಿನಕ್ಸ್ ಸಿಸ್ಟಮ್‌ಗಳಲ್ಲೆಲ್ಲ ಇರುವ ಕಂಪ್ರೆಷನ್ ಸಾಫ್ಟ್‌ವೇರ್, ನೋಡಿಕೊಳ್ಳುತ್ತಿದ್ದವರು ಒಬ್ಬರೇ. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಜಾಸ್ತಿ ಒಳ್ಳೇ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿದರು. ಬೇರೆ ಹೆಸರುಗಳಿಂದ "ಕೆಲಸ ನಿಧಾನ, ಇನ್ನೊಬ್ಬರನ್ನ ಸೇರಿಸಿಕೊಳ್ಳಿ" ಅಂತ ಒತ್ತಡ ಬಂತು. ಸೇರಿಸಿಕೊಂಡ ಮೇಲೆ 5.6.0 ಆವೃತ್ತಿಯಲ್ಲಿ ಹಿಂಬಾಗಿಲು, ಅಂದ್ರೆ ಕದ್ದು ಒಳನುಗ್ಗುವ ದಾರಿ ಇಟ್ಟರು. ಆಂಡ್ರೆಸ್ ಫ್ರೋಯಿಂಡ್ ಅನ್ನುವ ಎಂಜಿನಿಯರ್, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸೇರುವ ವಿಧಾನ) ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಯಾಕೆ ಅಂತ ಬೆನ್ನು ಹತ್ತಿದ್ದಕ್ಕೆ ಸಿಕ್ಕಿಬಿತ್ತು. ಇದಾದ ಮೇಲೆ, ಮೂರು ವಾರದ ಪರಿಚಯದ ನಿಮಗೆ ಯಾರು ಕೀಲಿಕೈ ಕೊಡ್ತಾರೆ ಹೇಳಿ. ಕೊಟ್ಟರೆ ನಾನೇ ಆ ಪ್ರಾಜೆಕ್ಟ್ ಬಳಸೋದು ಬಿಡ್ತೀನಿ.

ಇನ್ನು ನೀವು ಬೆಳಗಾವಿಯಲ್ಲಿ ಕೊನೇ ವರ್ಷ ಓದ್ತಿದ್ದೀನಿ, ಪ್ಲೇಸ್‌ಮೆಂಟಿಗೆ ಮುಂಚೆ ಮರ್ಜ್ ಆಗಲೇಬೇಕು ಅಂತ ಬರೆದಿದ್ದೀರಿ. ಈ ಮಾತು ನನಗೆ ಹಿಡಿಸಲಿಲ್ಲ. ನಿಮ್ಮ ಪ್ಲೇಸ್‌ಮೆಂಟ್ ತಾರೀಕು ಅವರ ತಲೆನೋವಲ್ಲ. ಓಪನ್ ಸೋರ್ಸಿಗೆ ಕೋಡು ಕಳಿಸಿ ಅಂತ ಅಕ್ಟೋಬರಿನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ನಾಲ್ಕು ಪಿಆರ್‌ಗೆ ಒಂದು ಟೀ ಶರ್ಟ್ ಅಂತ ಜನ ಕಂಡಕಂಡ ಪ್ರಾಜೆಕ್ಟಿನ ರೀಡ್‌ಮಿ ಅನ್ನುವ ಪರಿಚಯದ ಫೈಲಿಗೆ ಒಂದೊಂದು ಪದ ಸೇರಿಸಿ ಕಳಿಸಿದರು. ಗೋಳು ಎಷ್ಟಾಯಿತಂದ್ರೆ, ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಅಂತ ಅದೇ ತಿಂಗಳು ನಿಯಮ ಬದಲಿಸಬೇಕಾಯಿತು. ಮರ್ಜ್ ಆಗದ ಪಿಆರ್ ಅನ್ನೂ ಇಂಟರ್‌ವ್ಯೂನಲ್ಲಿ ತೋರಿಸಬಹುದು, ಏನು ಸರಿ ಮಾಡಿದಿರಿ ಅಂತ ಹೇಳಲು ಬಂದರೆ ಸಾಕು.

ನನ್ನದು ಏನಾಯಿತು ಅಂದ್ರೆ, ಮೊದಲು ಒಂದು ಇಶ್ಯೂ (ದೋಷದ ದೂರು) ತೆರೆದೆ. ಹಾಕಿದ ಪದ ಇದು, ಬರಬೇಕಾದದ್ದು ಇದು, ಬರ್ತಿರೋದು ಇದು, ಅಷ್ಟೇ. ಆಮೇಲೆ ಹೊಸದಾಗಿ ಆರೇ ಸಾಲಿನ ಪಿಆರ್, ಜೊತೆಗೆ ಸಾಮರ್ಥ್ಯ, ಅರ್ಘ್ಯ, ಮರ್ತ್ಯ ಮೂರು ಪದಕ್ಕೆ ಟೆಸ್ಟ್. ಅವರು "ಕರ್ನಾಟಕ" ಪದಕ್ಕೂ ಒಂದು ಸೇರಿಸಿ ಅಂದರು, ಒತ್ತು ಸರಿಹೋಗಿ ಸಾದಾ ಪದ ಕೆಟ್ಟಿರಬಾರದಲ್ಲ. ಸೇರಿಸಿದೆ. ಎರಡು ದಿನಕ್ಕೆ ಮರ್ಜ್ ಆಯಿತು. ಆ ಹಳೇ ಕಾಮೆಂಟ್ ಅಳಿಸಲಾ ಅಂತ ಕೇಳಿದೆ. ಇರಲಿ ಬಿಡಿ ಅಂದರು. ಈಗಲೂ ಅಲ್ಲೇ ಇದೆ, ನನ್ನ ಹೆಸರಿನ ಸಮೇತ.

ನಿಮ್ಮ ಪ್ರಶ್ನೆಯನ್ನ ಮತ್ತೆ ಓದಿದೆ. ಎಷ್ಟು ದಿನ ಕಾದಿರಿ, ಎಷ್ಟು ರಾತ್ರಿ ಕೂತಿರಿ ಎಲ್ಲ ಬರೆದಿದ್ದೀರಿ. ಪಿಆರ್‌ನಲ್ಲಿ ಎಷ್ಟು ಸಾಲು ಬದಲಾಗಿದೆ ಅಂತ ಮಾತ್ರ ಬರೆದಿಲ್ಲ. ಆ ಟ್ಯಾಬ್ ಒತ್ತಿ ನೋಡಿ, ನಂಬರ್ ಇಲ್ಲೇ ಕಾಮೆಂಟಿನಲ್ಲಿ ಹಾಕಿ.