ಕಳ್ಳಿಗಳ ನೆಂಟಸ್ತಿಕೆ ಪತ್ತೆ ಹೇಗೆ?

ಪ್ರಶ್ನೆ: ಮರುಭೂಮಿಯ ಕಳ್ಳಿಗಳೆಲ್ಲ ನೋಡೋಕೆ ಒಂದೇ ಥರ. ಅವುಗಳ ಜೀನ್ ಗುರುತು ನೋಡಿ ಹೊಸದಾಗಿ ಏನು ತಿಳಿಯುತ್ತದೆ?

ಉತ್ತರ: ತುಂಬಾನೇ ತಿಳಿಯುತ್ತದೆ! ಡಿಎನ್‌ಎಯಲ್ಲಿ ಕೆಲವು ಕಡೆ ಎರಡು ಮೂರು ಅಕ್ಷರಗಳು (ಅಂದರೆ ಅದರ ರಾಸಾಯನಿಕ ತುಣುಕುಗಳು) ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಅನ್ನೋದು ಗಿಡದಿಂದ ಗಿಡಕ್ಕೆ ಬೇರೆಯಾಗಬಹುದು. ಇಂಥ ಜಾಗಗಳೇ ಜೀನ್ ಗುರುತುಗಳು; ಹಲವನ್ನು ಹೋಲಿಸಿದರೆ ನೆಂಟರು ಯಾರು ಅಂತ ಗೊತ್ತಾಗುತ್ತದೆ. ಎಲ್ಲವೂ ಒಂದೇ ಇದ್ದರೆ, ಬಹುಶಃ ಒಂದೇ ಗಿಡದ ತುಂಡುಗಳು ಬಿದ್ದು ಬೇರು ಬಿಟ್ಟಿವೆ; ನಮ್ಮ ಪಾಪಾಸುಕಳ್ಳಿಯೂ ಹಾಗೇ ಹಬ್ಬುತ್ತದೆ ಅಲ್ವಾ.

ನನಗೆ ತುಂಬ ಇಷ್ಟವಾದ ಉದಾಹರಣೆ ಅಮೆರಿಕ-ಮೆಕ್ಸಿಕೊ ಗಡಿಯ ಸೊನೊರಾ ಮರುಭೂಮಿಯದು. ಅಲ್ಲಿ ಕಾರ್ಡೋನ್ ಕಳ್ಳಿಯ ಹೂವಿಗೆ ಬಾವಲಿ ಬರುತ್ತದೆ, ಸೆನಿಟಾ ಕಳ್ಳಿಯ ಪರಾಗ ಒಯ್ಯೋದು ಹೆಚ್ಚಾಗಿ ಒಂದು ಪುಟ್ಟ ಪತಂಗ. ಬಾವಲಿ ಒಂದೇ ರಾತ್ರಿಯಲ್ಲಿ ಎಷ್ಟೋ ಕಿಲೋಮೀಟರ್ ಹಾರುವುದರಿಂದ ದೂರದೂರದ ಕಾರ್ಡೋನ್‌ಗಳ ನಡುವೆಯೂ ವ್ಯತ್ಯಾಸ ಕಡಿಮೆ. ಪತಂಗ ಅಷ್ಟು ದೂರ ಹೋಗದು, ಹಾಗಾಗಿ ಸೆನಿಟಾದಲ್ಲಿ ಜಾಸ್ತಿ. ಇದನ್ನು ಕಂಡುಕೊಂಡದ್ದು ಗಿಡದ ಕಿಣ್ವಗಳ ರೂಪ ಹೋಲಿಸಿ. ಕಿಣ್ವದ ರೂಪವನ್ನು ಜೀನ್ ನಿರ್ಧರಿಸುವುದರಿಂದ ಅವೂ ಜೀನ್ ಗುರುತುಗಳೇ.

ಇನ್ನೊಂದು ಸೊಗಸಾದ ಸಂಗತಿ. ಉತ್ತರಕ್ಕೆ ಹೋದಂತೆ ಸೆನಿಟಾದ ಜೀನ್ ವೈವಿಧ್ಯ ಇಳಿಯುತ್ತದೆ. ಹೊಸ ಜಾಗಕ್ಕೆ ಹೋಗುವ ಕೆಲವೇ ಗಿಡಗಳು ವೈವಿಧ್ಯದ ಒಂದು ಪಾಲನ್ನಷ್ಟೇ ಒಯ್ಯುತ್ತವೆ; ಹಾಗಾಗಿ ಹಿಮಯುಗ ಮುಗಿದ ಮೇಲೆ ಅದು ದಕ್ಷಿಣದಿಂದ ಮೆಲ್ಲಗೆ ಹಬ್ಬಿದ ಹಾದಿ ಅಲ್ಲಿ ಕಾಣುತ್ತದೆ.